ಸೇನಾಪತಿಗೆ ಕಂಚು, ಒಡ್ಡಿಗೆ ಯಾರು?

ಗುವಾಹಟಿ ಪೇಟೆಗೆ ತಾಗಿಕೊಂಡೇ ಬ್ರಹ್ಮಪುತ್ರ ಹರಿಯುತ್ತದೆ. ಹಳಬರು ಗೌಹಾತಿ ಅಂತ ಓದಿದ ಊರು ಇದೇ. ದಂಡೆಯ ರಸ್ತೆಯಲ್ಲಿ ಹೋಗುವವರಿಗೆ ನದಿಯ ಅಂಚಿನಲ್ಲಿ, ನೀರಿನಲ್ಲೇ ಎದ್ದು ನಿಂತಂತೆ ಒಂದು ದೊಡ್ಡ ವಿಗ್ರಹ ಕಾಣುತ್ತದೆ. ನಡುವೆ ಒಬ್ಬ ಸೇನಾಪತಿ, ಸುತ್ತ ಅವನ ಯೋಧರು. ನದಿ ಏರಿತೆಂದರೆ ಪೀಠದ ಬುಡಕ್ಕೆ ನೀರು ಬಡಿಯುತ್ತದೆ. ದೋಣಿಯಲ್ಲಿ ಹೋಗುವವರು ಕೈ ಎತ್ತಿ ಮುಗಿಯುತ್ತಾರೆ, ಮದುವೆಯಾದ ಹೊಸ ಜೋಡಿಗಳು ಫೋಟೋ ತೆಗೆಸಿಕೊಳ್ಳುತ್ತವೆ.

ಈತ ಲಚಿತ್ ಬೊರ್ಫುಕನ್. ನಮ್ಮ ಕಡೆ ಈ ಹೆಸರು ಹೇಳಿದರೆ ಹತ್ತರಲ್ಲಿ ಒಂಬತ್ತು ಜನ ತಲೆ ಕೆರೆದುಕೊಂಡಾರು. ಅಸ್ಸಾಮಿನಲ್ಲಿ ಮಾತ್ರ ಬೀಡಾ ಅಂಗಡಿಯವನಿಂದ ಮುಖ್ಯಮಂತ್ರಿಯವರೆಗೆ ಎಲ್ಲರ ಬಾಯಲ್ಲೂ ಇದೇ ಹೆಸರು. ಬೊರ್ಫುಕನ್ ಎಂಬುದು ಮನೆತನದ ಹೆಸರಲ್ಲ, ಹುದ್ದೆ. ಮೈಸೂರು ಸೀಮೆಯಲ್ಲಿ ದಳವಾಯಿ ಎಂದಂತೆ. ಕೆಳ ಅಸ್ಸಾಮಿನ ಆಡಳಿತ ಮತ್ತು ದಂಡು ಎರಡೂ ಈ ಹುದ್ದೆಯವನ ಕೈಯಲ್ಲಿ.

ನದಿಯ ಅಂಚಿನ ಈ ವಿಗ್ರಹ ಸಾಲದೆಂದು, ಅಲ್ಲಿಂದ ಸುಮಾರು 300 ಕಿ.ಮೀ. ಮೇಲಕ್ಕೆ, ಜೋರ್ಹಾಟ್ ಜಿಲ್ಲೆಯ ಹೊಲೊಂಗಾಪಾರ್‌ನಲ್ಲಿ ಇನ್ನೊಂದು ಎದ್ದಿದೆ. ಅದು ಸಣ್ಣದಲ್ಲ. ಕಂಚಿನ ವಿಗ್ರಹವೇ 84 ಅಡಿ, ಕೆಳಗಿನ ಪೀಠ 41 ಅಡಿ, ಒಟ್ಟು 125 ಅಡಿ. 2024ರ ಮಾರ್ಚ್ 9ರಂದು ಪ್ರಧಾನಿ ನರೇಂದ್ರ ಮೋದಿ ಅದನ್ನು ಅನಾವರಣ ಮಾಡಿದರು. ಮಾಡಿದ ಶಿಲ್ಪಿ ರಾಮ್ ಸುತಾರ್. ಬೆಂಗಳೂರು ವಿಮಾನ ನಿಲ್ದಾಣದಲ್ಲಿ 2022ರ ನವೆಂಬರ್ 11ರಂದು ಅನಾವರಣವಾದ 108 ಅಡಿ ಕೆಂಪೇಗೌಡರ ವಿಗ್ರಹವೂ ಇವರದೇ. ನರ್ಮದೆಯ ದಂಡೆಯಲ್ಲಿ 182 ಮೀಟರ್ ಎತ್ತರ ನಿಂತ ಸರ್ದಾರ್ ಪಟೇಲರೂ ಇವರವರೇ. ನೂರು ದಾಟಿದ ಈ ಹಿರಿಯರು 2025ರ ಡಿಸೆಂಬರ್‌ನಲ್ಲಿ ತೀರಿಕೊಂಡರು. ಅವರ ಕಸುಬಿನ ಬಗ್ಗೆ ಇಲ್ಲಿ ತಕರಾರಿಲ್ಲ. ಇಲ್ಲಿ ಕೇಳಬೇಕಾದ ಪ್ರಶ್ನೆ ಬೇರೆ. ಲಚಿತ್ ದೊಡ್ಡವನಾದದ್ದು ಯಾವುದರಿಂದ? ಅವನಿಗೆ ವಿಗ್ರಹ ನಿಲ್ಲಿಸಿದವರು ಆ ಕೆಲಸಕ್ಕೆ ಎಷ್ಟು ಬೆಲೆ ಕೊಟ್ಟಿದ್ದಾರೆ?

ಮಣ್ಣು ಮತ್ತು ದೋಣಿ

ಅಹೋಮರ ರಾಜ್ಯ ಸುಮಾರು 600 ವರ್ಷ ಬಾಳಿದ ರಾಜ್ಯ. 1228ರಲ್ಲಿ ಸುಕಾಫ ಎಂಬುವನು ಪಟ್ಕಾಯ್ ಬೆಟ್ಟ ದಾಟಿ ಬಂದು ಇದನ್ನು ಸ್ಥಾಪಿಸಿದ. 1826ರ ಯಾಂಡಬೂ ಒಪ್ಪಂದದ ನಂತರ ಬ್ರಿಟಿಷರು ನುಂಗಿಹಾಕಿದರು. ಅಸ್ಸಾಮಿನಲ್ಲಿ ಇವತ್ತು ಹೊರಗಿನವರು, ಒಳಗಿನವರು ಎಂದು ದಿನಬೆಳಗಾದರೆ ನಡೆಯುವ ಗದ್ದಲದಲ್ಲಿ ಒಂದು ಮಾತು ಯಾರೂ ಎತ್ತುವುದಿಲ್ಲ. ನಾಡಿನ ಅತಿ ದೊಡ್ಡ ವೀರನ ಪೂರ್ವಿಕರೂ ಬೆಟ್ಟ ಹತ್ತಿ ಇಳಿದು ಬಂದವರೇ.

1662ರಲ್ಲಿ ಮೊಗಲರ ಸೇನಾಪತಿ ಮೀರ್ ಜುಮ್ಲಾ ನುಗ್ಗಿ ಅಹೋಮರ ರಾಜಧಾನಿ ಗರ್ಗಾಂವ್ ಹಿಡಿದ. ಮರುವರ್ಷ ಒಪ್ಪಂದವಾಯಿತು. ರಾಜ ಜಯಧ್ವಜ ಸಿಂಹ ದಂಡ ಕಟ್ಟಬೇಕಾಯಿತು, ಮಗಳನ್ನೂ ಮೊಗಲರ ಅಂತಃಪುರಕ್ಕೆ ಕಳಿಸಬೇಕಾಯಿತು. ಗುವಾಹಟಿ ಕೈತಪ್ಪಿತು. ಅವನ ನಂತರ ಪಟ್ಟಕ್ಕೆ ಬಂದ ಚಕ್ರಧ್ವಜ ಸಿಂಹನಿಗೆ ಇದು ನುಂಗಲಾರದ ತುತ್ತು. ಒಳಗೊಳಗೇ ದಂಡು ಕಟ್ಟಿ, 1667ರಲ್ಲಿ ಲಚಿತನನ್ನು ಬೊರ್ಫುಕನ್ ಮಾಡಿದ. ಅದೇ ವರ್ಷ ನವೆಂಬರ್‌ನಲ್ಲಿ ಗುವಾಹಟಿ ಮತ್ತೆ ಅಹೋಮರ ವಶವಾಯಿತು.

ದಿಲ್ಲಿ ಸುಮ್ಮನಿರುತ್ತದೆಯೇ? ಔರಂಗಜೇಬ ಕಳಿಸಿದ್ದು ಅಂಬೇರಿನ ರಾಜಾ ರಾಮಸಿಂಹನನ್ನು. ಇಲ್ಲಿ ಕಥೆಗೆ ನಮ್ಮ ಜಿಲ್ಲೆಯ ಎಳೆಯೂ ಒಂದು ಸೇರಿಕೊಳ್ಳುತ್ತದೆ. ಚನ್ನಗಿರಿ ತಾಲ್ಲೂಕಿನ ಹೊದಿಗೆರೆಯಲ್ಲಿ ಸಮಾಧಿಯಾಗಿರುವ ಷಹಾಜಿಯ ಮಗ ಶಿವಾಜಿ, 1666ರಲ್ಲಿ ಆಗ್ರಾದ ಕಾವಲಿನಿಂದ ತಪ್ಪಿಸಿಕೊಂಡು ಹೋದದ್ದು ಎಲ್ಲರಿಗೂ ಗೊತ್ತು. ಆಗ ಶಿವಾಜಿಗೆ ಜಾಮೀನು ನಿಂತಿದ್ದವನು ಇದೇ ರಾಮಸಿಂಹ. ಹಕ್ಕಿ ಹಾರಿತು, ಬಾದಶಹನ ಸಿಟ್ಟು ರಾಮಸಿಂಹನ ಮೇಲೆ ತಿರುಗಿತು, ಪದವಿ ಇಳಿಯಿತು. ಜ್ವರ, ಜಿಗಣೆ, ಕೆಸರಿನ ಅಸ್ಸಾಮಿಗೆ ಅವನನ್ನು ಕಳಿಸಿದ್ದು ಒಂದು ಬಗೆಯ ಶಿಕ್ಷೆಯ ವರ್ಗಾವಣೆಯೇ ಎಂದು ಹೇಳುವವರಿದ್ದಾರೆ. ಸರ್ಕಾರಿ ನೌಕರಿಯಲ್ಲಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ರಾಮಸಿಂಹನ ಜೊತೆ 30 ಸಾವಿರ ಕಾಲಾಳು, 18 ಸಾವಿರ ಕುದುರೆ ಸವಾರರು ಬಂದರೆಂದು ಸಾಮಾನ್ಯವಾಗಿ ಕೊಡುವ ಲೆಕ್ಕ. ಬಯಲಿನಲ್ಲಿ ಇಂಥ ದಂಡಿಗೆ ಎದೆಯೊಡ್ಡುವುದು ಹುಚ್ಚುತನ. ಲಚಿತನಿಗೆ ಅದು ಗೊತ್ತಿತ್ತು. ಅವನು ಮಾಡಿದ್ದು ಮಣ್ಣಿನ ಕೆಲಸ. ಗುವಾಹಟಿಯ ಸುತ್ತ, ನದಿಯ ಎರಡೂ ದಂಡೆಯಲ್ಲಿ, ಗುಡ್ಡದಿಂದ ಗುಡ್ಡಕ್ಕೆ ಮಣ್ಣಿನ ಒಡ್ಡು ಎಬ್ಬಿಸಿದ. ಕುದುರೆ ಓಡುವ ಜಾಗವನ್ನೆಲ್ಲ ಮುಚ್ಚಿದ. ಶತ್ರುವಿಗೆ ಉಳಿದ ದಾರಿ ನದಿಯೊಂದೇ. ನದಿಯಲ್ಲಿ ಅಹೋಮರ ಚುರುಕಾದ ಸಣ್ಣ ದೋಣಿಗಳು ಕಾದಿದ್ದವು. ರಾತ್ರಿ ಹೊತ್ತು ನುಗ್ಗಿ ಹೊಡೆದು ಓಡುವುದು, ಹಗಲು ಒಡ್ಡಿನ ಹಿಂದೆ ಕೂರುವುದು. ಇದು ಕಳ್ಳರ ಯುದ್ಧ ಎಂದು ರಾಮಸಿಂಹ ಗೊಣಗಿದನಂತೆ.

ಮಾತುಕತೆ, ಲಂಚ, ಚಾಡಿ ಎಲ್ಲವೂ ನಡೆದವು. ಲಚಿತ ಒಂದು ಲಕ್ಷ ರೂಪಾಯಿ ತಿಂದು ಗುವಾಹಟಿ ಬಿಟ್ಟುಕೊಡಲು ಒಪ್ಪಿದ್ದಾನೆ ಎಂಬ ಅರ್ಥದ ಕಾಗದವನ್ನು ಬಾಣಕ್ಕೆ ಕಟ್ಟಿ ಅಹೋಮರ ಪಾಳೆಯಕ್ಕೆ ಬಿಟ್ಟರು. ಅದು ರಾಜನ ಕೈಗೆ ಹೋಯಿತು, ರಾಜನಿಗೆ ಅನುಮಾನವೂ ಬಂತು. ಮಂತ್ರಿ ಅತನ್ ಬುರ್ಹಾಗೊಹಾಯ್ ಎಂಬ ಮುದುಕ ಅಡ್ಡ ನಿಂತು, ಇದು ಶತ್ರುವಿನ ಆಟ ಎಂದು ತಿಳಿಹೇಳದಿದ್ದರೆ ಲಚಿತನ ಕಥೆ ಅಲ್ಲಿಗೇ ಮುಗಿಯುತ್ತಿತ್ತು.

ಒಂದು ಸಾರಿ ಮಾತ್ರ ಲಚಿತನ ಮಾತು ನಡೆಯಲಿಲ್ಲ. ಕಾದು ಕಾದು ಬೇಸತ್ತ ರಾಜ, ಬಯಲಿಗೆ ಇಳಿದು ಹೊಡೆಯಲೇಬೇಕು ಎಂದು ಅಪ್ಪಣೆ ಮಾಡಿದ. 1669ರಲ್ಲಿ ಅಲಾಬೊಯ್ ಎಂಬಲ್ಲಿ ಇಳಿದರು. ರಜಪೂತ ಕುದುರೆ ದಂಡು ತುಳಿದು ಹಾಕಿತು. ಒಂದೇ ದಿನ 10 ಸಾವಿರ ಅಹೋಮ್ ಸೈನಿಕರು ಬಿದ್ದರು. ಸ್ಥಳ ಬಲ್ಲವನ ಮಾತು ಮೀರಿ ಅರಮನೆಯಲ್ಲಿ ಕುಳಿತವರು ಹುಕುಂ ಹೊರಡಿಸಿದರೆ ಏನಾಗುತ್ತದೆ ಎಂಬುದಕ್ಕೆ ಅಸ್ಸಾಮಿನವರು ಇಂದಿಗೂ ಕೊಡುವ ಉದಾಹರಣೆ ಅಲಾಬೊಯ್.

1671ರ ಮಾರ್ಚ್‌ನಲ್ಲಿ ಸರಾಯ್‌ಘಾಟ್. ಮೊಗಲರ ನೌಕೆಗಳು ನದಿಯ ಮೇಲೆ ಏರಿ ಬಂದವು. ಲಚಿತ ಜ್ವರದಿಂದ ಮಲಗಿದ್ದ. ದಂಡನಾಯಕನಿಲ್ಲದ ಅಹೋಮ್ ದೋಣಿಗಳು ಹಿಂದೆ ಸರಿಯತೊಡಗಿದವು. ಆಗ ಎದ್ದು, ಆರೇಳು ದೋಣಿ ಕಟ್ಟಿಕೊಂಡು ನೇರ ಶತ್ರುವಿನ ಮೇಲೆ ಹೋದ. ಓಡುವವರು ಓಡಿ, ನಾನು ಇಲ್ಲೇ ಸಾಯುತ್ತೇನೆ ಎಂಬ ಅರ್ಥದ ಮಾತಾಡಿದನೆಂದು ಪ್ರತೀತಿ. ಓಡುತ್ತಿದ್ದವರು ತಿರುಗಿದರು. ಮೊಗಲರ ನೌಕಾಪತಿ ಮುನ್ನಾವರ್ ಖಾನ್ ಸತ್ತ. ರಾಮಸಿಂಹ ಮಾನಸ್ ನದಿಯ ಆಚೆಗೆ ಹಿಂದೆ ಸರಿದ. ಲಚಿತ ಹೆಚ್ಚು ದಿನ ಬದುಕಲಿಲ್ಲ, ಸುಮಾರು ಒಂದು ವರ್ಷಕ್ಕೆ, 1672ರಲ್ಲಿ ತೀರಿಕೊಂಡ. ಜೋರ್ಹಾಟ್ ಹತ್ತಿರ ಅವನ ಸಮಾಧಿ ದಿಬ್ಬ, ಅಲ್ಲಿಯವರು ಮೈದಾಮ್ ಎನ್ನುತ್ತಾರೆ, ಈಗಲೂ ಇದೆ. 125 ಅಡಿಯ ವಿಗ್ರಹ ಎದ್ದಿರುವುದು ಅದರ ಮಗ್ಗುಲಲ್ಲೇ.

ಗೆದ್ದವರು ಹೊಗಳುವುದು ದೊಡ್ಡದಲ್ಲ. ಸೋತ ರಾಮಸಿಂಹನೇ ಅಸ್ಸಾಮಿನ ಸೈನಿಕರನ್ನು ಮೆಚ್ಚಿಕೊಂಡನೆಂದು ಹೇಳುತ್ತಾರೆ. ಅವರಲ್ಲಿ ಒಬ್ಬೊಬ್ಬನೂ ಹುಟ್ಟು ಹಾಕಬಲ್ಲ, ಬಾಣ ಬಿಡಬಲ್ಲ, ಕಂದಕ ತೋಡಬಲ್ಲ, ತುಪಾಕಿಯನ್ನೂ ಹಾರಿಸಬಲ್ಲ ಎಂಬುದು ಅವನ ಮೆಚ್ಚುಗೆಯ ಸಾರ. ಈ ಪಟ್ಟಿಯಲ್ಲಿ ಹುಟ್ಟು, ಗುದ್ದಲಿ ಎರಡೂ ಇವೆ.

ಮಾವನ ತಲೆ

ಲಚಿತನ ಹೆಸರು ಹೇಳಿದೊಡನೆ ಅಸ್ಸಾಮಿನ ಮಕ್ಕಳು ಹೇಳುವ ಕಥೆ ಒಂದೇ. ಒಂದು ಒಡ್ಡನ್ನು ರಾತ್ರಿ ಬೆಳಗಾಗುವುದರೊಳಗೆ ಮುಗಿಸಬೇಕಿತ್ತು. ಉಸ್ತುವಾರಿ ಲಚಿತನ ಸ್ವಂತ ಸೋದರಮಾವನದು. ನಡುರಾತ್ರಿ ಬಂದು ನೋಡಿದರೆ ಕೆಲಸ ನಿಂತಿದೆ, ಆಳುಗಳು ಸುಸ್ತಾಗಿದ್ದಾರೆ ಎಂದು ಮಾವ ಸಬೂಬು ಹೇಳುತ್ತಾನೆ. ದೇಶಕ್ಕಿಂತ ಮಾವ ದೊಡ್ಡವನಲ್ಲ ಎಂದು ಲಚಿತ ಅಲ್ಲೇ ಕತ್ತಿ ಬೀಸಿದ. ಬೆಳಗಾಗುವ ಹೊತ್ತಿಗೆ ಒಡ್ಡು ಮುಗಿದಿತ್ತು. ಮಾವನನ್ನು ಕಡಿದ ಒಡ್ಡು ಎಂಬರ್ಥದ 'ಮೊಮಾಯ್ ಕಟಾ ಗಢ್' ಎಂಬ ಹೆಸರು ಇವತ್ತಿಗೂ ಆ ಜಾಗಕ್ಕಿದೆ.

ಇದು ನಡೆದದ್ದೇ, ಜನ ಕಟ್ಟಿದ್ದೇ ಎಂದು ವಿದ್ವಾಂಸರು ಜಗಳವಾಡಲಿ. ಜನ ಮುನ್ನೂರೈವತ್ತು ವರ್ಷ ಈ ಕಥೆಯನ್ನೇ ಯಾಕೆ ಉಳಿಸಿಕೊಂಡರು ಎಂಬುದು ಮುಖ್ಯ. ವೀರನ ಕಥೆ ಎಂದರೆ ಎಲ್ಲ ಕಡೆ ಕುದುರೆ, ಕತ್ತಿ, ಕೋಟೆ. ಅಸ್ಸಾಮಿನವರ ಕಥೆಯಲ್ಲಿರುವುದು ಗಡುವು ಮೀರಿದ ಮಣ್ಣಿನ ಕೆಲಸ ಮತ್ತು ಅದಕ್ಕೆ ಹೊಣೆಯಾದ ಮೇಲಧಿಕಾರಿ. ತಲೆ ಹೋದದ್ದು ಆಳಿನದಲ್ಲ, ಮೇಸ್ತ್ರಿಯದು. ಅದರಲ್ಲೂ ಸೇನಾಪತಿಯ ನೆಂಟನದು. ನಮ್ಮ ಕಾಲದಲ್ಲಿ ಇಂಥದ್ದನ್ನು ಕೇಳಿದ್ದೀರಾ?

ಆ ಒಡ್ಡಿಗೆ ಮಣ್ಣು ಹೊತ್ತವರು ಪೈಕರು. ಅಹೋಮ್ ರಾಜ್ಯದಲ್ಲಿ ವಯಸ್ಸಿಗೆ ಬಂದ ಗಂಡಸರನ್ನೆಲ್ಲ ಮೂರು ನಾಲ್ಕು ಜನರ ಗುಂಪು ಮಾಡಿ, ಸರದಿಯ ಮೇಲೆ ಒಬ್ಬೊಬ್ಬನನ್ನು ರಾಜನ ಕೆಲಸಕ್ಕೆ ಕರೆಯುವ ಪದ್ಧತಿ. ಯುದ್ಧ ಬಂದರೆ ಸೈನಿಕ, ಇಲ್ಲದಾಗ ಕೆರೆ, ರಸ್ತೆ, ಒಡ್ಡಿನ ಕೂಲಿ. ಈ ಪದ್ಧತಿಯನ್ನು ಅಚ್ಚುಕಟ್ಟು ಮಾಡಿದವನು ಲಚಿತನ ಅಪ್ಪ ಮೊಮಾಯ್ ತಾಮೂಲಿ ಬೊರ್ಬರುವಾ. ಆತ ಮೊದಲು ಸಾಲಕ್ಕೆ ಜೀತವಿದ್ದವನು. ಅಲ್ಲಿಂದ ಬೊರ್ಬರುವಾ ಎಂಬ ದೊಡ್ಡ ಹುದ್ದೆಗೆ ಏರಿದ. ಜೀತದಾಳಿನ ಮಗ ದಿಲ್ಲಿಯ ದಂಡನ್ನು ಹಿಂದಕ್ಕೆ ಕಳಿಸಿದ ಎಂಬ ಸಂಗತಿ ಅನಾವರಣದ ಭಾಷಣಗಳಿಗಿಂತ ದೊಡ್ಡದು.

ಯಾರ ಸೇನಾಪತಿ?

ಲಚಿತನನ್ನು ದಿಲ್ಲಿ ಬಹಳ ಕಾಲ ಕಣ್ಣೆತ್ತಿ ನೋಡಲಿಲ್ಲ ಎಂಬ ಅಸ್ಸಾಮಿನವರ ದೂರು ಸುಳ್ಳಲ್ಲ. ಶಾಲೆಯ ಚರಿತ್ರೆ ಪುಸ್ತಕಗಳಲ್ಲಿ ಪಾಣಿಪತ್ತಿಗೆ ಪುಟಗಟ್ಟಲೆ, ಸರಾಯ್‌ಘಾಟಿಗೆ ಒಂದು ಸಾಲು ಸಿಕ್ಕರೆ ಪುಣ್ಯ. 1999ರಿಂದ ಖಡಕ್‌ವಾಸ್ಲಾದ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯಲ್ಲಿ ಅತ್ಯುತ್ತಮ ಕೆಡೆಟ್‌ಗೆ ಲಚಿತನ ಹೆಸರಿನ ಚಿನ್ನದ ಪದಕ ಕೊಡಲು ಶುರುವಾಯಿತು. 2022ರ ನವೆಂಬರ್‌ನಲ್ಲಿ ಅವನ 400ನೇ ಜಯಂತಿ ದಿಲ್ಲಿಯ ವಿಜ್ಞಾನ ಭವನದಲ್ಲೇ ಮೂರು ದಿನ ನಡೆಯಿತು. ಒಂದು ಮೂಲೆಯ ನಾಡಿನ ಜನಕ್ಕೆ ಇದು ಸಣ್ಣ ಸಮಾಧಾನವೇನಲ್ಲ. ಕನ್ನಡಿಗರಿಗೂ ಈ ಸಂಕಟದ ರುಚಿ ಗೊತ್ತು.

ಆದರೆ ವಿಗ್ರಹ ಎಂದ ಮೇಲೆ ರಾಜಕೀಯ ಬರಲೇಬೇಕು. ಸರಾಯ್‌ಘಾಟನ್ನು ಹಿಂದೂ ಮುಸ್ಲಿಂ ಯುದ್ಧವೆಂದು ಬಣ್ಣಿಸುವ ಭಾಷಣಗಳು ಈಗ ಧಾರಾಳ. ಲೆಕ್ಕ ಅಷ್ಟು ಸರಳವಾಗಿಲ್ಲ. ಮೊಗಲರ ಕಡೆಯ ದಂಡನಾಯಕ ರಜಪೂತ ರಾಜ. ಅವನ ದಂಡಿನ ಜೊತೆ ಸಿಖ್ಖರ ಒಂಬತ್ತನೇ ಗುರು ತೇಗ್ ಬಹಾದೂರರೂ ಬಂದಿದ್ದರು, ಧುಬ್ರಿಯ ಗುರುದ್ವಾರ ಅದರ ಗುರುತು. ಅಹೋಮರ ಕಡೆ ಬಾಘ್ ಹಜಾರಿಕಾ ಎಂಬ ಮುಸ್ಲಿಂ ವೀರ ಹೋರಾಡಿದನೆಂದು ಜನ ತಲೆಮಾರುಗಳಿಂದ ಹೇಳುತ್ತ ಬಂದಿದ್ದಾರೆ. ಅವನು ಇದ್ದದ್ದೇ ಸುಳ್ಳು ಎಂದು ಒಂದು ಪಕ್ಷ, ಇದ್ದ ಎಂದು ಇನ್ನೊಂದು ಪಕ್ಷ. ಸತ್ತು ಮುನ್ನೂರೈವತ್ತು ವರ್ಷವಾದವನಿಗೆ ಈಗ ಹಾಜರಿ ತೆಗೆದುಕೊಳ್ಳುವ ಕೆಲಸ!

ಚುನಾವಣೆಯ ಲೆಕ್ಕ ಇನ್ನೂ ಮಜವಾಗಿದೆ. ಜೋರ್ಹಾಟ್ ವಿಗ್ರಹದ ಅನಾವರಣ 2024ರ ಮಾರ್ಚ್ 9ಕ್ಕೆ. ಲೋಕಸಭಾ ಚುನಾವಣೆಯ ದಿನಾಂಕ ಘೋಷಣೆ ಸರಿಯಾಗಿ ಒಂದು ವಾರಕ್ಕೆ, ಮಾರ್ಚ್ 16ಕ್ಕೆ. ಏಪ್ರಿಲ್ 19ರಂದು ಜೋರ್ಹಾಟ್ ಕ್ಷೇತ್ರದಲ್ಲಿ ಮತದಾನ. ಜೂನ್ 4ರಂದು ಪೆಟ್ಟಿಗೆ ತೆರೆದಾಗ ಗೆದ್ದವರು ಕಾಂಗ್ರೆಸ್ಸಿನ ಗೌರವ್ ಗೊಗೊಯ್, ಅದೂ ಒಂದು ಲಕ್ಷಕ್ಕೂ ಹೆಚ್ಚಿನ ಅಂತರದಲ್ಲಿ. ರಾಜ್ಯದಲ್ಲೂ ಕೇಂದ್ರದಲ್ಲೂ ಬಿಜೆಪಿ ಸರ್ಕಾರ, 125 ಅಡಿಯ ಕಂಚು ಎದುರಿಗೆ, ಆದರೂ ಸ್ಥಾನ ಹೋಯಿತು. ಆ ಸೋಲಿಗೆ ಕಾರಣ ನೂರೆಂಟು ಇರಬಹುದು. ವಿಗ್ರಹಕ್ಕೆ ಕೈಮುಗಿದವರೆಲ್ಲ ವಿಗ್ರಹ ನಿಲ್ಲಿಸಿದವರಿಗೆ ವೋಟು ಹಾಕುವುದಿಲ್ಲ ಅಂತಷ್ಟೇ ಅಲ್ಲಿ ಗೊತ್ತಾಯಿತು.

ನದಿ ಯಾರ ಮಾತೂ ಕೇಳುವುದಿಲ್ಲ

ಈಗ ಒಡ್ಡಿನ ಮಾತಿಗೆ ಬರೋಣ. ಅಸ್ಸಾಮಿನಲ್ಲಿ ನದಿಗಳ ದಂಡೆಗೆ ಕಟ್ಟಿರುವ ಪ್ರವಾಹ ತಡೆಯುವ ಒಡ್ಡುಗಳು 423. ಒಟ್ಟು ಉದ್ದ ಸುಮಾರು 4,470 ಕಿ.ಮೀ. ಬೀದರಿನಿಂದ ಚಾಮರಾಜನಗರಕ್ಕೆ ಹೋಗಿ, ತಿರುಗಿ ಬಂದು, ಮತ್ತೆ ಹೋಗಿ ಬಂದರೂ ಮುಗಿಯದಷ್ಟು. ಬಹುಪಾಲು 1954ರ ನಂತರ, ರಾಷ್ಟ್ರೀಯ ಪ್ರವಾಹ ನೀತಿ ಬಂದ ಮೇಲೆ ಎಬ್ಬಿಸಿದವು. ಮಣ್ಣಿನ ಒಡ್ಡಿಗೂ ಆಯುಸ್ಸು ಅಂತ ಒಂದಿರುತ್ತದೆ. ಅನೇಕದ್ದು ಮುಗಿದು ಎಷ್ಟೋ ಕಾಲವಾಗಿದೆ. ಪ್ರತಿ ಮಳೆಗಾಲದಲ್ಲೂ ಅಲ್ಲಿ ಒಡೆಯಿತು, ಇಲ್ಲಿ ಕುಸಿಯಿತು ಎಂಬ ಸುದ್ದಿ ಅಲ್ಲಿಯ ಪತ್ರಿಕೆಗಳಲ್ಲಿ ಹವಾಮಾನ ವರದಿಯಷ್ಟೇ ಮಾಮೂಲು.

ಎಲ್ಲ ತಪ್ಪೂ ಎಂಜಿನಿಯರರ ತಲೆಗೆ ಕಟ್ಟುವುದು ನ್ಯಾಯವಲ್ಲ. ಬ್ರಹ್ಮಪುತ್ರ ಹೊತ್ತು ತರುವ ಹೂಳು ಪ್ರಪಂಚದ ಕೆಲವೇ ನದಿಗಳಿಗೆ ಸಾಟಿ. 1950ರ ಆಗಸ್ಟ್ 15ರ ರಾತ್ರಿ, ದೇಶ ಸ್ವಾತಂತ್ರ್ಯ ದಿನ ಆಚರಿಸಿ ಮಲಗುವ ಹೊತ್ತಿಗೆ ಆದ 8.6 ತೀವ್ರತೆಯ ಭೂಕಂಪ ಬೆಟ್ಟಗಳನ್ನೇ ನದಿಗೆ ಕೆಡವಿತು. ದಿಬ್ರೂಗಢದ ಕಡೆ ನದಿಯ ತಳ ಮೇಲೆದ್ದಿತು. ಒಡ್ಡು ಕಟ್ಟಿದರೆ ಹೂಳು ಒಡ್ಡಿನ ಒಳಗೇ ತುಂಬುತ್ತದೆ, ತಳ ಇನ್ನೂ ಏರುತ್ತದೆ, ಆಮೇಲೆ ಒಡೆದರೆ ಹಾನಿ ಇಮ್ಮಡಿ ಎಂದು ವಾದಿಸುವ ತಜ್ಞರೂ ಇದ್ದಾರೆ. ಅವರ ಮಾತಿನಲ್ಲಿ ಹುರುಳಿದೆ. ಆದರೆ ಒಡ್ಡು ಬೇಡವೆಂದು ಸರ್ಕಾರ ಎಂದೂ ಹೇಳಿಲ್ಲ. ಬೇಕು ಎಂದು ಕಟ್ಟಿ, ಕಟ್ಟಿದ್ದನ್ನು ನೋಡಿಕೊಳ್ಳದಿರುವುದು ಎರಡು ಕೆಟ್ಟದ್ದರಲ್ಲಿ ಹೆಚ್ಚು ಕೆಟ್ಟದ್ದು.

ಪ್ರವಾಹ ಬಂದು ಹೋಗುತ್ತದೆ, ಕೊರೆತ ಹೋಗುವುದಿಲ್ಲ. 1950ರಿಂದೀಚೆಗೆ 4.27 ಲಕ್ಷ ಹೆಕ್ಟೇರ್ ಭೂಮಿ ನದಿಯ ಪಾಲಾಗಿದೆ ಎಂದು ಅಸ್ಸಾಂ ಸರ್ಕಾರವೇ ಲೆಕ್ಕ ಕೊಡುತ್ತದೆ. ಅದು ರಾಜ್ಯದ ನೆಲದಲ್ಲಿ ಶೇಕಡ 7ಕ್ಕೂ ಹೆಚ್ಚು. ಮನೆ ಮುಳುಗಿದರೆ ನೀರು ಇಳಿದ ಮೇಲೆ ಕೆಸರು ಬಳಿದು ಒಳಗೆ ಹೋಗಬಹುದು. ಜಮೀನೇ ನದಿಗೆ ಬಿದ್ದರೆ ಎಲ್ಲಿಗೆ ಹೋಗುವುದು? ಹೀಗೆ ನೆಲ ಕಳೆದುಕೊಂಡ ಎಷ್ಟೋ ಸಂಸಾರಗಳು ಕೊನೆಗೆ ನೆಲೆ ಕಾಣುವುದು ಒಡ್ಡಿನ ಮೇಲೆಯೇ. ತಗಡು, ಟಾರ್ಪಾಲು, ಕಟ್ಟಿಹಾಕಿದ ದನ, ಒಲೆ, ಎಲ್ಲ ಒಡ್ಡಿನ ನೆತ್ತಿಯ ಮೇಲೆ. ಲಚಿತನ ಕಾಲದಲ್ಲಿ ಒಡ್ಡಿನ ಮೇಲೆ ಕಾವಲುಗಾರರಿದ್ದರು, ಈಗ ನಿರಾಶ್ರಿತರು. ಕೊರೆತಕ್ಕೂ ಹಣ ಬೇಕು ಎಂದು 15ನೇ ಹಣಕಾಸು ಆಯೋಗ ಶಿಫಾರಸು ಮಾಡಿದ್ದು ಈಚಿನ ವರ್ಷಗಳಲ್ಲಿ.

ಜೋರ್ಹಾಟಿನ ಎದುರಿಗೇ, ನದಿಯ ನಡುವೆ, ಮಾಜುಲಿ ದ್ವೀಪವಿದೆ. ಒಂದು ಕಾಲಕ್ಕೆ ಸುಮಾರು 1,250 ಚದರ ಕಿ.ಮೀ. ಇದ್ದದ್ದು ಕೊರೆದು ಕೊರೆದು ಅರ್ಧಕ್ಕಿಂತ ಕಡಿಮೆಗೆ ಇಳಿದಿದೆ. ಶಂಕರದೇವರ ಪರಂಪರೆಯ ಸತ್ರಗಳು, ಅಂದರೆ ಮಠಗಳು, ಎಷ್ಟೋ ಜಾಗ ಬಿಟ್ಟು ಆಚೆ ದಡಕ್ಕೆ ಹೋದವು. ದ್ವೀಪದಿಂದ ಜೋರ್ಹಾಟ್ ಆಸ್ಪತ್ರೆಗೆ, ಕಾಲೇಜಿಗೆ, ಸಂತೆಗೆ ಬರುವವರಿಗೆ ನಿಮಾಟಿ ಘಾಟಿನ ದೋಣಿಯೇ ಬಸ್ಸು. 2021ರ ಸೆಪ್ಟೆಂಬರ್ 8ರಂದು ಅಲ್ಲಿ ಎರಡು ಫೆರಿಗಳು ಡಿಕ್ಕಿ ಹೊಡೆದು ಒಂದು ಮುಳುಗಿತು. ಹೆಚ್ಚಿನವರನ್ನು ಎತ್ತಿದರು, ಎಲ್ಲರನ್ನೂ ಅಲ್ಲ. ಒಂದೇ ಎಂಜಿನ್ನಿನ ಖಾಸಗಿ ದೋಣಿಗಳು ಓಡಬಾರದೆಂದು ಸರ್ಕಾರ ಎಚ್ಚೆತ್ತದ್ದು ಆಮೇಲೆ. ಮಾಜುಲಿಗೆ ಸೇತುವೆ ಕಟ್ಟಲು ಅದೇ ವರ್ಷ ಫೆಬ್ರವರಿಯಲ್ಲಿ ಶಿಲಾನ್ಯಾಸವಾಗಿತ್ತು. ಕೆಲಸ ಕುಂಟಿತು, 2024ರಲ್ಲಿ ಗುತ್ತಿಗೆ ಹಿಡಿದವರು ನಡುವೆಯೇ ಕೈಬಿಟ್ಟರು. ಆ ವರ್ಷವೇ ವಿಗ್ರಹ ಮಾತ್ರ ಮುಗಿದು, ಹೊಳೆದು, ಹಾರ ಹಾಕಿಸಿಕೊಂಡಿತು.

ಲಚಿತ ಎರಡನ್ನು ನಂಬಿದ್ದ, ಒಡ್ಡು ಮತ್ತು ದೋಣಿ. ಅವನ ನಾಡಿನಲ್ಲಿ ಇವತ್ತು ಜನ ಅಂಜುವುದೂ ಈ ಎರಡಕ್ಕೇ.

ಮಾರ್ಚ್‌ನಲ್ಲಿ ಅನಾವರಣವಾದ ನಾಲ್ಕು ತಿಂಗಳಿಗೆ, ಜುಲೈ ಮೊದಲ ವಾರದಲ್ಲಿ, ಅಸ್ಸಾಮಿನ ಸುಮಾರು 24 ಲಕ್ಷ ಜನ ನೀರಿನಲ್ಲಿದ್ದರು. ಎರಡು ವರ್ಷ ಹಿಂದೆ, 2022ರಲ್ಲಿ, ಇನ್ನೂ ಭೀಕರ. ಅರ್ಧ ಕೋಟಿಗೂ ಹೆಚ್ಚು ಜನ ಸಂತ್ರಸ್ತರು. ಆ ವರ್ಷ ಬರಾಕ್ ನದಿಯ ದಂಡೆಯ ಸಿಲ್ಚಾರ್ ಪಟ್ಟಣ ದಿನಗಟ್ಟಲೆ ಮುಳುಗಿತ್ತು. ಕಾರಣ, ಬೆತುಕಂದಿ ಎಂಬಲ್ಲಿ ಒಡ್ಡನ್ನು ಮೇ ತಿಂಗಳಲ್ಲಿ ಕೆಲವರು ಕಡಿದಿದ್ದರು, ತಮ್ಮ ಕಡೆ ನಿಂತ ನೀರು ನದಿಗೆ ಹೋಗಲಿ ಅಂತ. ಜೂನಿನಲ್ಲಿ ನದಿ ಏರಿದಾಗ ಅದೇ ಬಾಯಿಯಿಂದ ನೀರು ಊರಿಗೆ ನುಗ್ಗಿತು. ಒಡ್ಡು ಕಡಿದವರೆಂದು ಜುಲೈನಲ್ಲಿ ಕೆಲವರನ್ನು ಪೊಲೀಸರು ಹಿಡಿದರು. ಹಿಡಿದವರ ಧರ್ಮ ನೋಡಿ ಒಂದಷ್ಟು ಜನ ಇದಕ್ಕೂ ಮತೀಯ ಬಣ್ಣ ಬಳಿದು ಕೂಗಾಡಿದರು. ಕಡಿದದ್ದು ಅಪರಾಧವೇ, ಶಿಕ್ಷೆ ಆಗಲಿ. ಆದರೆ ಮೇಯಲ್ಲಿ ಕಡಿದ ಒಡ್ಡು ಜೂನಿನ ತನಕ ಬಾಯಿ ತೆರೆದುಕೊಂಡು ಕೂತಿದ್ದಕ್ಕೆ ಯಾರು ಹೊಣೆ? ಮಾವನ ಕಥೆಯನ್ನು ಮಕ್ಕಳಿಗೆ ಪಾಠ ಮಾಡುವ ನಾಡು ಕೇಳಬೇಕಾದ ಪ್ರಶ್ನೆ ಇದು. ಆ ಕಥೆಯಲ್ಲಿ ಕತ್ತಿ ಬಿದ್ದದ್ದು ಉಸ್ತುವಾರಿ ಹೊತ್ತವನ ಮೇಲೆ.

ಇದನ್ನೆಲ್ಲ ಓದಿ, ನಮಗೇನು ಸಂಬಂಧ ಎನ್ನುವವರು ತುಂಗಭದ್ರೆ ಉಕ್ಕಿದ ವರ್ಷಗಳನ್ನು ನೆನೆಸಿಕೊಳ್ಳಲಿ. ಹರಿಹರ, ಹೊನ್ನಾಳಿಯ ಹೊಳೆದಂಡೆಯ ಓಣಿಗಳಿಗೆ ನೀರು ನುಗ್ಗುತ್ತದೆ, ಜನ ಪಾತ್ರೆಪಗಡ ಕಟ್ಟಿಕೊಂಡು ಗಂಜಿ ಕೇಂದ್ರಕ್ಕೆ ಹೋಗುತ್ತಾರೆ. ಈಗ ಅದಕ್ಕೆ ಕಾಳಜಿ ಕೇಂದ್ರ ಅಂತ ಹೆಸರಿಟ್ಟಿದ್ದಾರೆ. ಗಂಜಿ ಅದೇ.

ವಿಗ್ರಹದ ಪರವಾಗಿ ಹೇಳಲು ಏನೂ ಇಲ್ಲವೆಂದಲ್ಲ. ಹೊಲೊಂಗಾಪಾರ್‌ಗೆ ಬರುವ ಜನ ಹೆಚ್ಚಿದರೆ ಅಲ್ಲಿಯ ಚಹಾ ಅಂಗಡಿಗೆ, ಆಟೋದವನಿಗೆ ನಾಲ್ಕು ಕಾಸು. ತನ್ನ ನಾಡಿನವನೊಬ್ಬ ಬಾದಶಹನ ದಂಡನ್ನು ತಡೆದ ಎಂದು ಒಬ್ಬ ಹುಡುಗ ಎದೆಯುಬ್ಬಿಸಿ ನಿಂತರೆ ಅದಕ್ಕೂ ಬೆಲೆಯಿದೆ. ವಿಗ್ರಹದ ದುಡ್ಡು ಒಡ್ಡಿಗೆ ಹಾಕಿದ್ದರೆ ಪ್ರವಾಹ ನಿಲ್ಲುತ್ತಿತ್ತು ಎನ್ನುವವರು ಒಡ್ಡಿನ ಲೆಕ್ಕ ತಿಳಿಯದವರು, 4,470 ಕಿ.ಮೀ. ಒಡ್ಡಿಗೆ ಒಂದು ವಿಗ್ರಹದ ದುಡ್ಡು ಯಾವ ಮೂಲೆಗೆ? ದುಡ್ಡಿಗಿಂತ ದೊಡ್ಡದು ಗಡುವಿನ ಮಾತು. ವಿಗ್ರಹಕ್ಕೆ ಅನಾವರಣದ ದಿನಾಂಕ ಇರುತ್ತದೆ, ಆ ದಿನ ಪ್ರಧಾನಿ ಬರುತ್ತಾರೆ, ಅಷ್ಟರೊಳಗೆ ಕೆಲಸ ಮುಗಿಯಲೇಬೇಕು, ಮುಗಿಯುತ್ತದೆ. ಒಡ್ಡಿಗೂ ಒಂದು ದಿನಾಂಕ ಇದೆ, ಮುಂಗಾರು ಬರುವ ದಿನ. ಆ ದಿನ ಯಾರೂ ಹಾರ ಹಿಡಿದು ಬರುವುದಿಲ್ಲ.

ವರ್ಷವರ್ಷವೂ ನವೆಂಬರ್ 24ರಂದು ಅಸ್ಸಾಮಿನಲ್ಲಿ ಲಚಿತ್ ದಿವಸ. ಭಾಷಣ, ಮೆರವಣಿಗೆ, ಪದಕ, ಹಾರ ಎಲ್ಲ ಇರುತ್ತದೆ. ಆ ಹೊತ್ತಿಗೆ ಬ್ರಹ್ಮಪುತ್ರ ಇಳಿದು, ಗುವಾಹಟಿಯ ವಿಗ್ರಹದ ಸುತ್ತ ನೀರು ಕಡಿಮೆಯಾಗಿ, ನದಿಯ ನಡುವೆ ಮರಳಿನ ದಿಬ್ಬಗಳು ಮೇಲೆದ್ದಿರುತ್ತವೆ. ಮಣ್ಣಿನ ಕೆಲಸಕ್ಕೆ ನದಿ ಬಿಟ್ಟುಕೊಡುವುದು ಅಲ್ಲಿಂದ ಏಪ್ರಿಲ್ ತನಕ, ಐದು ತಿಂಗಳು ಮಾತ್ರ.